ತಗ್ಗು ಸೂರು

ತಂಡವನ್ನು ಮುಚ್ಚುತ್ತಿದ್ದಾರೆ. ಖರ್ಚು ಹೆಚ್ಚು, ಹುಡುಗರು ಕಡಿಮೆ.
ಚರಿತ್ರೆ ಬರೆದುಕೊಡು ಎಂದರು ಡೀನ್,
ಎರಡು ಪುಟ ಸಾಕು, ಶುಕ್ರವಾರದೊಳಗೆ.
"ನಲವತ್ತೊಂದು ವರ್ಷ ಸ್ಕೋರು ಬರೆದವಳು ನೀನೇ ತಾನೆ, ವರ್ನಾ?"
ಹೌದು, ನಾನೇ. ಪೆನ್ಸಿಲ್ಲಿನಲ್ಲಿ.
ಗೆದ್ದದ್ದನ್ನೂ ಸೋತದ್ದನ್ನೂ ಒಂದೇ ಒತ್ತಿನಲ್ಲಿ.

ಶುರುವಾದದ್ದು ಚರ್ಚಿನ ನೆಲಮಾಳಿಗೆಯಲ್ಲಿ,
ಸಾವಿರದ ಒಂಬೈನೂರ ಹನ್ನೊಂದು.
ಹೊರಗೆ ಡಕೋಟದ ಬಯಲು, ಮಂಡಿಯುದ್ದ ಹಿಮ;
ಒಳಗೆ, ಅಂಕಣದ ಮೂಲೆಯಲ್ಲೇ, ಕಲ್ಲಿದ್ದಲ ಒಲೆ.
ಅದಕ್ಕೆ ತಗುಲಿ ಸುಟ್ಟ ಮೊಣಕೈಯನ್ನು
ಹಾಲ್ವರ್ ಮೋಯೆನ್ ಸಾಯುವತನಕ
ತೋಳು ಮಡಚಿ ಮಡಚಿ ತೋರಿಸುತ್ತಿದ್ದನಂತೆ.
ಬುಟ್ಟಿಯಿಂದ ಸೂರಿಗೆ ಒಂದೇ ಮೊಳ.
ಚೆಂಡನ್ನು ಎತ್ತರಿಸಿ ಎಸೆದೆಯೋ,
ತೊಲೆಗೆ ಬಡಿದು ಎಸೆದವನ ಮುಖಕ್ಕೇ ವಾಪಸ್ಸು.
ಹಾಗಾಗಿ ನಮ್ಮವರು ಕಲಿತದ್ದು ನೇರ ಎಸೆತ,
ಕವಣೆಕಲ್ಲಿನ ಹಾಗೆ.
ಬಂದ ತಂಡಗಳೆಲ್ಲ ತೊಲೆಯ ಜೊತೆ ಆಡಿ ಸೋತು ಹೋದವು.
ಹದಿನಾಲ್ಕು ವರ್ಷ ನಮ್ಮ ಮನೆಯಲ್ಲಿ ನಮ್ಮನ್ನು ಯಾರೂ ಸೋಲಿಸಲಿಲ್ಲ.
ಹೊರಗೆ? ಅದರ ಕಾಲಮ್ಮೇ ಬೇರೆ.

ಆಮೇಲೆ ಗೋಧಿ ವ್ಯಾಪಾರಿಯೊಬ್ಬ, ಪುಣ್ಯಾತ್ಮ,
ನಿಜವಾದ ಜಿಮ್ ಕಟ್ಟಿಸಿಕೊಟ್ಟ.
ಮೇಪಲ್ ಹಲಗೆಯ ನೆಲ, ಮೂವತ್ತಡಿ ಎತ್ತರದ ಸೂರು.
ಹುಡುಗರು ಬಂದು ನಿಂತು ಮೇಲೆ ನೋಡಿದರು.
ಅಷ್ಟೊಂದು ಆಕಾಶವನ್ನು ಏನು ಮಾಡಬೇಕೆಂದು ತೋಚದೆ
ಆ ವರ್ಷ ಹತ್ತೊಂಬತ್ತು ಆಟ ಸೋತರು.

ನಲವತ್ಮೂರರಲ್ಲಿ ಯುದ್ಧ ಬಿಟ್ಟುಹೋದದ್ದು ಆರು ಜನರನ್ನು.
ಒಬ್ಬನಿಗೆ ಎಡಗಣ್ಣು ಇಲ್ಲ, ಒಬ್ಬ ಪಾದ್ರಿಯಾಗುವವನು.
ಫೆಬ್ರವರಿಗೆ ನಾಲ್ವರು. ನಾಲ್ವರೇ ಆಡಿದರು.
ಪುಸ್ತಕದ ಐದನೆಯ ಸಾಲಿನಲ್ಲಿ ಹೆಸರಿಲ್ಲ,
ಆದರೂ ನನಗಿಂತ ಮುಂಚೆ ಬರೆಯುತ್ತಿದ್ದವನು
ಸಾಲಿನುದ್ದಕ್ಕೂ ಸೊನ್ನೆ ಸುತ್ತಿದ್ದಾನೆ,
ಒಂದೊಂದನ್ನೂ ದುಂಡಗೆ.

ಐವತ್ತೆಂಟು. ನನ್ನ ಮೊದಲ ವರ್ಷ,
ಎಲ್ಸ್‌ವರ್ತ್ ಟಿಬ್ಸ್‌ನದೂ.
ನಮ್ಮ ತಂಡದ ಮೊದಲ ಕಪ್ಪು ಹುಡುಗ; ಬಸ್ಸಿನಲ್ಲಿ
ಎಲ್ಲರ ಮೇಲಂಗಿ ಮಡಿಸಿಡುವ ಅಭ್ಯಾಸ ಅವನಿಗೆ.
ಆ ಊರಿನ ಹೆಸರು ಬೇಡ. ಹೋಟೆಲಿನವನು ಬಾಗಿಲಲ್ಲೇ ನಿಂತು
ನಮ್ಮನ್ನು ಎಣಿಸಿದ, ಒಬ್ಬನನ್ನು ಬಿಟ್ಟು.
ಕೋಚ್ ಎಕರ್ನ್ ತುಟಿ ಪಿಟಕ್ಕೆನ್ನದೆ ಬಸ್ಸು ತಿರುಗಿಸಿದರು.
ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ, ದೀಪದ ಕಂಬದಡಿ,
ಹನ್ನೆರಡು ಜನ ಬಸ್ಸಿನಲ್ಲೇ ಮಲಗಿದೆವು.
ಇದನ್ನು ಪ್ರತಿ ವರ್ಷದ ಭೋಜನಕೂಟದಲ್ಲೂ ಹೇಳುತ್ತಾರೆ,
ಚಪ್ಪಾಳೆ ಬೀಳುತ್ತದೆ.
ಹೇಳದೆ ಉಳಿದದ್ದು ಇಷ್ಟು:
ನಡುರಾತ್ರಿ ಕಾಲು ಮರಗಟ್ಟಿ ನಾನು ಗೊಣಗಿದೆ,
"ಒಬ್ಬನಿಗಾಗಿ ಎಲ್ಲರೂ" ಎಂದು.
ಮುಂದಿನ ಸೀಟಿನಲ್ಲಿ ಅವನಿಗೆ ಎಚ್ಚರವಿತ್ತು.
ಮರುದಿನ ಮೂವತ್ತೊಂದು ಅಂಕ ಹೊಡೆದ; ಬರೆದುಕೊಂಡೆ.
ಬೇಸಿಗೆ ಕಳೆದು ತಂಡ ಸೇರಿದಾಗ ಅವನು ಬರಲಿಲ್ಲ.
ಯಾಕೆಂದು ಬರೆಯಲು ಆ ಪುಸ್ತಕದಲ್ಲಿ ಜಾಗವಿಲ್ಲ.

ಎಪ್ಪತ್ತಾರರ ಗೆಲುವನ್ನು ನಾನು ಬರೆಯುವುದಿಲ್ಲ, ಎಲ್ಲರಿಗೂ ಬಾಯಿಪಾಠ.
ಅವತ್ತು ಅಲ್ಲೇ ಇದ್ದೆವೆನ್ನುವವರನ್ನೆಲ್ಲ ಕೂರಿಸಲು
ಮೂರು ಜಿಮ್ ಬೇಕು.

ನಿನ್ನೆ ನೆಲಮಾಳಿಗೆಗೆ ಇಳಿದೆ.
ಈಗ ಅಲ್ಲಿ ಮಡಚುವ ಕುರ್ಚಿಗಳು, ಕ್ರಿಸ್ಮಸ್ ನಾಟಕದ ಕುರಿಮರಿ.
ಟಾರ್ಚು ಹಿಡಿದು ನೋಡಿದರೆ ತೊಲೆಯ ತುಂಬ ಕಂದು ಕಲೆ,
ಚಹಾ ಲೋಟ ಇಟ್ಟೆದ್ದ ಹಾಗೆ, ದುಂಡಗೆ, ಒಂದರ ಮೇಲೊಂದು.
ತೊಗಲಿನ ಚೆಂಡು ಬಡಿದದ್ದು.
ನಮ್ಮ ಹುಡುಗರದು ಎಂದು ಎದೆಯುಬ್ಬಿತು.
ಮೆಟ್ಟಿಲು ಹತ್ತುವಾಗ ಹೊಳೆಯಿತು:
ನಮ್ಮವರು ಮೇಲೆ ಎಸೆಯುತ್ತಲೇ ಇರಲಿಲ್ಲ.
ಅವೆಲ್ಲ ಸೋತು ಹೋದವರವು.

ಡೀನ್, ಇದು ಎರಡು ಪುಟ ದಾಟಿತು.
ಕತ್ತರಿಸುವುದಾದರೆ ಎಪ್ಪತ್ತಾರನ್ನು ಕತ್ತರಿಸಿ.
ಬಸ್ಸು ಇರಲಿ. ನನ್ನ ಗೊಣಗಾಟವೂ.